ಶಾಪ ಕೊಟ್ಟವಳ ಹೆಸರನ್ನು ಮೊದಲು ಬರೆಯಿರಿ

ದೆವ್ವ, ಶಾಪ, ಪುನರ್ಜನ್ಮಗಳ ಪ್ರೇಮಕಾದಂಬರಿಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಓದುವವರು ಬರೆದಿದ್ದಾರೆ, ಕಾದಂಬರಿ ಬರೆಯುತ್ತಿರುವವರು ಬರೆದಿದ್ದಾರೆ, ಒಬ್ಬ ತಾಯಿ ಸಿಟ್ಟಿನಿಂದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಆದ್ದರಿಂದ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇನೆ.

ಅಕ್ಕ, ನಾನು ಇಂಗ್ಲಿಷಿನ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಕಾದಂಬರಿಗಳನ್ನು ಬಹಳ ಓದುತ್ತೇನೆ. ಇದೆಲ್ಲ ಹೊರಗಿನ ಸರಕು, ಕನ್ನಡದ ಜಾಯಮಾನಕ್ಕೆ ಒಗ್ಗದು ಎಂದು ನಮ್ಮ ಸರ್ ಹೇಳುತ್ತಾರೆ. ನಿಜವೇ?
*ಪದವಿ ವಿದ್ಯಾರ್ಥಿನಿ, ಕಲಬುರಗಿ*

ಹೆಸರು ಹೊರಗಿನದು ತಂಗಿ, ಕಥೆ ಹೊರಗಿನದಲ್ಲ. ಹಾಳು ಕೋಟೆ, ಮನೆತನದ ಮೇಲಿನ ಶಾಪ, ಬೆದರಿದ ಹುಡುಗಿ ಇವುಗಳನ್ನು ಕೂಡಿಸಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ 1764ರಲ್ಲಿ ಗಾಥಿಕ್ ಕಾದಂಬರಿಗೆ ಬುನಾದಿ ಹಾಕಿದ. ನೀನು ಓದುವ ಪುಸ್ತಕಗಳೆಲ್ಲ ಆ ವಂಶದವು. ಆದರೆ ಅದಕ್ಕಿಂತ ಏಳು ಶತಮಾನಕ್ಕೂ ಹಿಂದೆಯೇ ಒಂದನೆಯ ನಾಗವರ್ಮ ಸಂಸ್ಕೃತ ಕವಿ ಬಾಣನ 'ಕಾದಂಬರಿ' ಎಂಬ ಕೃತಿಯನ್ನು ಗದ್ಯ ಪದ್ಯ ಬೆರೆತ ಚಂಪೂ ಕಾವ್ಯವಾಗಿ ಕನ್ನಡಕ್ಕೆ ತಂದಿದ್ದ. ಅದರ ಕಥೆಯನ್ನು ಒಮ್ಮೆ ಕೇಳು.

ಮಹಾಶ್ವೇತೆ ಎಂಬ ಗಂಧರ್ವ ಕನ್ಯೆ ಪುಂಡರೀಕನೆಂಬ ಮುನಿಕುಮಾರನಿಗೆ ಮನಸೋಲುತ್ತಾಳೆ. ಬೆಳದಿಂಗಳ ರಾತ್ರಿ ಅವಳು ಅವನಿದ್ದಲ್ಲಿಗೆ ಬರುವ ಹೊತ್ತಿಗೆ ವಿರಹ ತಾಳಲಾರದೆ ಅವನ ಪ್ರಾಣ ಹೋಗಿರುತ್ತದೆ. ಸಾಯುವ ಮುನ್ನ ಅವನು ತನ್ನನ್ನು ಸುಡುತ್ತಿದ್ದ ಚಂದ್ರನಿಗೇ ಶಾಪ ಕೊಟ್ಟಿರುತ್ತಾನೆ, ಚಂದ್ರ ಪ್ರತಿಶಾಪ ಕೊಟ್ಟಿರುತ್ತಾನೆ. ಆಕಾಶದಿಂದ ಇಳಿದ ದಿವ್ಯಪುರುಷನೊಬ್ಬ ಶವವನ್ನು ಎತ್ತಿಕೊಂಡು, ನೀನು ಪ್ರಾಣ ಬಿಡಬೇಡ, ಇವನನ್ನು ಮತ್ತೆ ಸೇರುವೆ ಎಂದು ಹೇಳಿ ಹೋಗುತ್ತಾನೆ. ಅವಳು ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕಾಯುತ್ತಾಳೆ. ಎಷ್ಟೋ ಕಾಲದ ಮೇಲೆ ವೈಶಂಪಾಯನನೆಂಬ ತರುಣ ಅಲ್ಲಿಗೆ ಬಂದು, ಏನನ್ನೋ ಕಳೆದುಕೊಂಡವನಂತೆ ಅಲೆದಾಡಿ, ಅವಳನ್ನು ಕಾಡತೊಡಗುತ್ತಾನೆ. ಸಿಟ್ಟಿಗೆದ್ದ ಮಹಾಶ್ವೇತೆ ಗಿಳಿಯಾಗಿ ಹುಟ್ಟು ಎಂದು ಶಪಿಸುತ್ತಾಳೆ. ಅವನು ಅಲ್ಲೇ ಸತ್ತು ಬೀಳುತ್ತಾನೆ. ಅವನೇ ಅವಳ ಪುಂಡರೀಕ. ಇನ್ನೊಂದು ಜನ್ಮ ಪಡೆದು, ಯಾಕೆ ಬಂದೆನೆಂದು ತನಗೇ ತಿಳಿಯದೆ ಅವಳಿದ್ದಲ್ಲಿಗೆ ಬಂದಿದ್ದ.

ಪ್ರೇಮಿಗಾಗಿ ಕಾದು ಕುಳಿತವಳು ತನ್ನ ಬಾಯಿಂದಲೇ ಅವನಿಗೆ ಶಾಪ ಕೊಡುತ್ತಾಳೆ! ಇದಕ್ಕಿಂತ ಘೋರವಾದ ತಿರುವನ್ನು ನಾನು ಇಂದಿನ ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಆಮೇಲೆ ಗೆಳೆಯ ವೈಶಂಪಾಯನನ ಸಾವಿನ ಸುದ್ದಿ ಕೇಳಿ ರಾಜಕುಮಾರ ಚಂದ್ರಾಪೀಡನ ಎದೆ ಒಡೆಯುವುದು, ಅವನ ಕೊಳೆಯದ ದೇಹವನ್ನು ಅವನ ಪ್ರೇಯಸಿ ಕಾದಂಬರಿ ಕಾದು ಕುಳಿತುಕೊಳ್ಳುವುದು, ಅವಳ ಆಲಿಂಗನದಲ್ಲಿ ಅವನು ಕಣ್ಣು ತೆರೆಯುವುದು ಎಲ್ಲವೂ ಬರುತ್ತವೆ. ನಿಮ್ಮ ಸರ್ ಅವರಿಗೆ ನನ್ನ ನಮಸ್ಕಾರ ತಿಳಿಸಿ, ಮಹಾಶ್ವೇತೆಯ ಭಾಗವನ್ನು ತರಗತಿಯಲ್ಲಿ ಓದಿಸಲು ಕೇಳು. ಹಳಗನ್ನಡ ಮೊದಲು ಕಷ್ಟವೆನಿಸುತ್ತದೆ. ಗದ್ಯ ಭಾಗಗಳಿಂದ ಆರಂಭಿಸು, ಕಥೆಯೇ ಕೈಹಿಡಿದು ನಡೆಸುತ್ತದೆ.

ನಾನು ಓದುವ ಕಾದಂಬರಿಗಳಲ್ಲಿ ನಾಯಕ ಮೊದಲು ನಾಯಕಿಯನ್ನು ಕೂಡಿಹಾಕುತ್ತಾನೆ, ಹೆದರಿಸುತ್ತಾನೆ. ಶಾಪದಿಂದ ಹಾಗಾಗಿದ್ದಾನೆ ಎಂದು ಕೊನೆಗೆ ತಿಳಿಯುತ್ತದೆ. ಅವಳ ಪ್ರೀತಿಯಿಂದ ಶಾಪ ಬಿಟ್ಟುಹೋಗುತ್ತದೆ. ಓದುವಾಗ ಅಳು ಬರುತ್ತದೆ, ಪುಸ್ತಕ ಮುಚ್ಚಿದ ಮೇಲೆ ಯಾಕೋ ಮನಸ್ಸು ಒಪ್ಪುವುದಿಲ್ಲ. ಇದು ನನ್ನ ತಪ್ಪೇ?
*ಗೃಹಿಣಿ, ಸೇಡಂ*

ತಪ್ಪು ನಿಮ್ಮದಲ್ಲ ತಾಯಿ. ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಕಾರಣವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಬಗೆಯ ಕಥೆಗೆ ಯುರೋಪಿನಲ್ಲಿ ದೊಡ್ಡ ಮಾದರಿಯೊಂದಿದೆ. ದೇವರಿಗೆ ಸವಾಲು ಹಾಕಿ ಆಣೆಯಿಟ್ಟ ಡಚ್ ಹಡಗಿನ ನಾಯಕನೊಬ್ಬ ಕೊನೆಯಿಲ್ಲದೆ ಸಮುದ್ರದಲ್ಲಿ ತೇಲುವ ಶಾಪಕ್ಕೆ ಗುರಿಯಾಗುತ್ತಾನೆ. ಏಳು ವರ್ಷಕ್ಕೊಮ್ಮೆ ಮಾತ್ರ ದಡಕ್ಕೆ ಬರಬಹುದು. ಸಾಯುವವರೆಗೆ ನಿಷ್ಠಳಾಗಿರುವ ಹೆಣ್ಣು ಸಿಕ್ಕರೆ ಬಿಡುಗಡೆ. ವ್ಯಾಗ್ನರ್ ಇದನ್ನು 1843ರಲ್ಲಿ ಸಂಗೀತ ನಾಟಕವಾಗಿ ರಂಗಕ್ಕೆ ತಂದ. ಕೊನೆಗೆ ಸೆಂಟಾ ಎಂಬ ಹುಡುಗಿ ತನ್ನ ನಿಷ್ಠೆಯನ್ನು ತೋರಿಸಲು ಸಮುದ್ರಕ್ಕೆ ಹಾರುತ್ತಾಳೆ, ಅವನಿಗೆ ಮುಕ್ತಿ ಸಿಗುತ್ತದೆ. ಆಣೆಯಿಟ್ಟವನು ಅವನು, ನೀರಿಗೆ ಬಿದ್ದವಳು ಅವಳು. ಅಂದಿನಿಂದ ಇಂದಿನವರೆಗೆ ಎಷ್ಟೋ ಕಾದಂಬರಿಗಳು ಈ ಲೆಕ್ಕವನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ.

ನಮ್ಮಲ್ಲಿಯೂ ಇದಿದೆ. ಮಹಾಭಾರತದ ಶಕುಂತಳೆಯ ಕಥೆಯಲ್ಲಿ ದೂರ್ವಾಸನ ಶಾಪ ಇಲ್ಲವೇ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ; ಜನ ಏನೆಂದಾರೋ ಎಂಬ ಅಂಜಿಕೆಯಿಂದ ತುಂಬಿದ ಸಭೆಯಲ್ಲಿ ಅವಳನ್ನು ಅಲ್ಲಗಳೆಯುತ್ತಾನೆ. ಶಾಪವನ್ನೂ ಉಂಗುರವನ್ನೂ ತಂದವನು ಕಾಳಿದಾಸ. ಅದರಿಂದ ರಾಜನ ಹೊಣೆ ಹಗುರಾಯಿತು ನಿಜ. ಆದರೆ ಕಾಳಿದಾಸ ದೊಡ್ಡ ಕವಿ, ರಾಜನನ್ನು ಸುಮ್ಮನೆ ಬಿಡಲಿಲ್ಲ. ಆರನೆಯ ಅಂಕವಿಡೀ ಅವನನ್ನು ಪಶ್ಚಾತ್ತಾಪದಲ್ಲಿ ಬೇಯಿಸಿದ್ದಾನೆ. ವಸಂತೋತ್ಸವ ನಿಂತುಹೋಗುತ್ತದೆ. ರಾಜ ಅವಳ ಚಿತ್ರ ಬರೆದು ಅದರ ಮುಂದೆ ಕೂತು ಅಳುತ್ತಾನೆ. ಏಳನೆಯ ಅಂಕದಲ್ಲಿ ಅವಳ ಕಾಲಿಗೆ ಬೀಳುತ್ತಾನೆ. ಶಾಪದ ನೆಪವನ್ನು ಎರವಲು ಪಡೆದ ನಮ್ಮ ಕಾದಂಬರಿಕಾರರು ಆರನೆಯ ಅಂಕವನ್ನು ಮರೆತರು.

ಇತಿಹಾಸದಿಂದ ಒಂದು ಉದಾಹರಣೆ. ಬೀದರಿನ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ದೊಡ್ಡ ಮಂತ್ರಿ. ಆಗದವರು ಅವನ ಮುದ್ರೆ ಒತ್ತಿದ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದ್ ಶಾ ವಿಚಾರಣೆ ಕೂಡ ಮಾಡದೆ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಮರುವರ್ಷವೇ ಸುಲ್ತಾನನೂ ಸತ್ತ. ಗವಾನ್ ನನ್ನನ್ನು ಸೀಳುತ್ತಿದ್ದಾನೆ ಎಂದು ಕೂಗುತ್ತಾ ಪ್ರಾಣ ಬಿಟ್ಟನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದೆವ್ವ ಯಾರಿಗೆ ಕಾಣಿಸಿತು ನೋಡಿ! ಕೊಂದವನಿಗೆ ಕಾಣಿಸಿತು, ಪಕ್ಕದಲ್ಲಿದ್ದ ಅಮಾಯಕರಿಗಲ್ಲ. ಕಾದಂಬರಿಯಲ್ಲಿಯೂ ದೆವ್ವ ಹೋಗಬೇಕಾದ ವಿಳಾಸ ಅದೇ.

ಇನ್ನು ವಿಮೋಚನೆಯ ಮಾತು. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ತಾಯಿ ಮಗ ಇಬ್ಬರೂ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ಪ್ರಾಣಿಗಳಾಗಿ ಜನ್ಮಜನ್ಮ ಅಲೆಯುತ್ತಾರೆ. ಕೊನೆಗೆ ಅಣ್ಣ ತಂಗಿಯರಾಗಿ ಹುಟ್ಟುತ್ತಾರೆ, ಆಗ ಅವರನ್ನೇ ಬಲಿಗೆಂದು ಹಿಡಿದು ತರಲಾಗುತ್ತದೆ. ಅವರು ತಮ್ಮ ಕಥೆ ಹೇಳುತ್ತಾರೆ. ಕೇಳಿದ ಮಾರಿದತ್ತ ರಾಜ ಕತ್ತಿ ಕೆಳಗಿಡುತ್ತಾನೆ, ಬಲಿ ನಿಲ್ಲುತ್ತದೆ. ಮುಂದೆ ಸಾಯಬೇಕಾಗಿದ್ದ ಜೀವಗಳು ಉಳಿದವು, ಅದು ವಿಮೋಚನೆ. ನಾಯಕ ನಾಯಕಿ ತಬ್ಬಿಕೊಂಡ ಕೂಡಲೇ ಆಕಾಶದಿಂದ ಬೆಳಕು ಬಿದ್ದರೆ ಅದನ್ನು ನಾನು ವಿಮೋಚನೆ ಎನ್ನಲಾರೆ. ಇವನಿಂದ ನೊಂದವರು ಯಾರು, ಅವರಿಗೆ ಏನು ಸಿಕ್ಕಿತು? ಪುಸ್ತಕ ಮುಚ್ಚಿದಾಗ ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮನಸ್ಸು ಮುನಿಸಿಕೊಳ್ಳುತ್ತದೆ. ನಿಮಗೆ ಆಗಿರುವುದು ಅದೇ.

ಇನ್ನೊಂದು ಮಾತು, ಇದು ನಿಮಗೆ ಮಾತ್ರವಲ್ಲ. ಕೂಡಿಹಾಕುವ, ಹೊಡೆಯುವ ಗಂಡಸಿನ ಹಿಂದೆ ಯಾವ ಜನ್ಮದ ಶಾಪವೂ ಇರುವುದಿಲ್ಲ. ಅಂಥದ್ದು ಯಾರ ಮನೆಯಲ್ಲಾದರೂ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಪ್ರೀತಿಯಿಂದ ಬದಲಾದಾನು ಎಂದು ಕಾಯುತ್ತಾ ಕೂರಬೇಡಿ.

ನನ್ನ ಕಾದಂಬರಿಯ ಮೂರು ಅಧ್ಯಾಯ ಕಳುಹಿಸಿದ್ದೇನೆ. ಬೆಟ್ಟದ ಮೇಲಿನ ಬಂಗಲೆ, ಸದಾ ಕವಿದ ಮಂಜು, ಪೈನ್ ಮರಗಳು, ಪಿಯಾನೊ ನುಡಿಸುವ ಪ್ರೇತ. ಓದಿ ಅಭಿಪ್ರಾಯ ತಿಳಿಸಿ.
*ಹೊಸ ಬರಹಗಾರ, ಬೀದರ್*

ತಮ್ಮಾ, ನಿನ್ನ ವಾಕ್ಯಕ್ಕೆ ಹದವಿದೆ. ಎರಡನೆಯ ಅಧ್ಯಾಯದಲ್ಲಿ ನಾಯಕಿ ಮೊಬೈಲ್ ಬೆಳಕು ಆರಿಸಿ ಕತ್ತಲಲ್ಲಿ ಕುಳಿತು ಪ್ರೇತದ ಹೆಸರು ಕೇಳುವ ಜಾಗ ಬಹಳ ಚೆನ್ನಾಗಿದೆ. ಹೆದರಬೇಕಾದವಳು ಹೆಸರು ಕೇಳುತ್ತಾಳೆ, ಅವಳು ಎಂಥವಳೆಂದು ಅಷ್ಟರಲ್ಲೇ ತಿಳಿಯುತ್ತದೆ. ಆದರೆ ಆ ಬಂಗಲೆಯನ್ನು ನೀನು ಕಂಡಿಲ್ಲ. ಪೈನ್ ಮರದ ಕೆಳಗೆ ಏನು ಬಿದ್ದಿರುತ್ತದೆ, ಆ ಮನೆಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಅಡುಗೆಮನೆಯಲ್ಲಿ ಏನು ವಾಸನೆ, ಮೂರು ಅಧ್ಯಾಯ ಓದಿದರೂ ನನಗೆ ಗೊತ್ತಾಗಲಿಲ್ಲ. ಚಳಿಗಾಲದ ಬೆಳಗ್ಗೆ ಬೀದರಿನಲ್ಲಿಯೂ ಸ್ವಲ್ಪ ಮಂಜು ಇಳಿಯುತ್ತದೆ. ಅದನ್ನು ಬರೆ, ಒಪ್ಪುತ್ತೇನೆ. ವರ್ಷವಿಡೀ ಕವಿದ ಮಂಜು ಬೇಡ.

ಭಾನುವಾರ ಬೆಳಗ್ಗೆ ಸೈಕಲ್ ಹತ್ತಿ ಅಷ್ಟೂರಿಗೆ ಹೋಗು. ಒಂದೇ ಹೊಲದಂಚಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಅಹಮದ್ ಶಾ ವಲಿಯ ಗೋರಿಯ ಒಳಗೋಡೆಯ ಬಣ್ಣಗಳನ್ನು ನೋಡು. ಅಲ್ಲಿಗೆ ಇಂದಿಗೂ ಹಿಂದೂಗಳು, ಮುಸಲ್ಮಾನರು ಇಬ್ಬರೂ ಹೂವು ತರುತ್ತಾರೆ. ಅದೇ ಸಾಲಿನಲ್ಲಿ ಹುಮಾಯೂನ್ ಶಾನ ಗೋರಿ. ಅವನು 1458ರಿಂದ 1461ರವರೆಗೆ ಆಳಿದ, ಜನ ಅವನನ್ನು ಜಾಲಿಮ್, ಅಂದರೆ ಕ್ರೂರಿ, ಎಂದು ಕರೆದರು. ಅವನ ಗುಂಬಜ್ ಸೀಳಿ, ಅರ್ಧ ಕುಸಿದು, ಗೋಡೆಯ ಒಳಗಿನ ಇಟ್ಟಿಗೆ ಗಾರೆ ಕಾಣುವಂತೆ ನಿಂತಿದೆ. ಸಿಡಿಲು ಬಡಿಯಿತು ಎನ್ನುತ್ತಾರೆ. ಒಬ್ಬನ ಮೇಲೆ ಹೂವು, ಇನ್ನೊಬ್ಬನ ಮೇಲೆ ಬರಿಯ ಆಕಾಶ. ಶಾಪ ಮತ್ತು ವಿಮೋಚನೆಯ ಬಗ್ಗೆ ಬರೆಯುವ ಹುಡುಗ ಅದೇ ಊರಿನಲ್ಲಿದ್ದುಕೊಂಡು ಪೈನ್ ಮರ ಹುಡುಕುವುದೇಕೆ?

ನೌಬಾದಿನ ಕರೇಜ್ ಇದೆ, ನೆಲದಡಿ ಕೊರೆದ ನೀರಿನ ಸುರಂಗ, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಯಂಥ ಕಿಂಡಿಗಳು. ಒಂದು ಕಿಂಡಿಯಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಕೇಳಿಸಿತೆಂದು ಕಥೆಯಲ್ಲಿ ಬರೆದರೆ ಯಾರು ನಂಬುವುದಿಲ್ಲ? ಪಿಯಾನೊ ಬದಲು ಒಂದು ಬಿದರಿ ಪಾನದಾನ್, ಎಲೆಅಡಿಕೆಯ ಪೆಟ್ಟಿಗೆ, ಇಡು. ಸತು ತಾಮ್ರದ ಎರಕದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ನೀನು ಕುಶಲಕರ್ಮಿಗಳ ಓಣಿಯಲ್ಲಿ ಕಣ್ಣಾರೆ ನೋಡಬಹುದು. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಆಗಬೇಕು ಎನ್ನುತ್ತಾರೆ ಅವರು. ಆ ಮಣ್ಣಿನಿಂದ ಕಪ್ಪಾದ ಪೆಟ್ಟಿಗೆಯೊಳಗೆ ಒಂದು ಆತ್ಮ ಕೂತಿದೆ ಎಂದರೆ ಓದುಗರು ಮರುಮಾತಾಡದೆ ಒಪ್ಪುತ್ತಾರೆ.

ನಮ್ಮ ಕಡೆಯ ದೆವ್ವಕ್ಕೆ ನಡುರಾತ್ರಿಯೇ ಆಗಬೇಕೆಂದಿಲ್ಲ ಎಂಬುದನ್ನೂ ನೆನಪಿಡು. ನಮ್ಮ ಅಜ್ಜಿ ಚಿತ್ತಾಪುರದ ಕಡೆಯವರು. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ, ಹಾಳು ಬಾವಿಯ ಕಡೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ, ಗಾಳಿ ಸೋಕುತ್ತದೆ ಎನ್ನುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಫರಸಿ ಕಲ್ಲಿನ ನೆಲ ಕಾಲು ಸುಡುತ್ತದೆ. ಕರೆಂಟ್ ಹೋಗಿ ಫ್ಯಾನ್ ನಿಂತಿರುತ್ತದೆ. ಎಲ್ಲರೂ ಬಾಗಿಲು ಹಾಕಿ ಮಲಗಿರುವಾಗ ಅಂಗಳದಲ್ಲಿ ಯಾರೋ ನೀರು ಸೇದುವ ಸದ್ದು. ಇಷ್ಟು ಸಾಕು, ನನಗೆ ಬರೆಯುವಾಗಲೇ ಮೈ ಜುಮ್ಮೆನ್ನುತ್ತಿದೆ.

ಹಗೇವು ನೋಡಿದ್ದೀಯಾ? ನಿನ್ನ ತಲೆಮಾರಿನವರು ನೋಡಿರಲಾರರು, ಮನೆಯ ಹಿರಿಯರನ್ನು ಕೇಳು. ಜೋಳ ತುಂಬಿಡುವ ನೆಲದಡಿಯ ಗುಂಡಿ. ಸುತ್ತಲೂ ಹುಲ್ಲು ಕೊಟ್ಟು, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಇಳಿಯುವಂತಿಲ್ಲ. ಕಾಳು ಉಸಿರಾಡಿದ ಕೆಟ್ಟ ಗಾಳಿ ತಳದಲ್ಲಿ ತುಂಬಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ಆರಿದರೆ ಕಾಯಬೇಕು, ಉರಿಯುತ್ತಿದ್ದರೆ ಇಳಿಯಬಹುದು. ಈಗ ಹೀಗೆ ಊಹಿಸು. ಬರಗಾಲದ ವರ್ಷ ವಾಡೆಯ ಗೌಡರು ಅವಸರದಲ್ಲಿ ಕಂದೀಲು ಇಳಿಸದೆ ಆಳಿನ ಮಗನನ್ನು ಇಳಿಸಿದರು. ಹುಡುಗ ಮೇಲೆ ಬರಲಿಲ್ಲ. ಅವನ ತಾಯಿ ವಾಡೆಯ ಬಾಗಿಲಿಗೆ ಮಣ್ಣು ತೂರಿ, ನೆಟಿಗೆ ಮುರಿದು ಶಾಪ ಹಾಕಿದಳು. ನಾಲ್ಕು ತಲೆಮಾರಿನ ನಂತರ ಗೌಡರ ಮರಿಮಗಳು ಹುಬ್ಬಳ್ಳಿಯಿಂದ ವಾಡೆ ಮಾರಲು ಬಂದಾಗ ಕೈಯಲ್ಲಿ ಆರಿದ ಕಂದೀಲು ಹಿಡಿದ ಒಬ್ಬ ತರುಣ ಅಂಗಳದಲ್ಲಿ ನಿಂತಿರುತ್ತಾನೆ. ಅವಳು ಅವನನ್ನು ಪ್ರೀತಿಸಲಿ, ಮನಸಾರೆ ಪ್ರೀತಿಸಲಿ. ಆದರೆ ಬಿಡುಗಡೆ ಅದರಿಂದ ಮಾತ್ರ ಆಗಬಾರದು. ಆ ತಾಯಿಯ ವಂಶದವರು ಊರಾಚೆ ಎಲ್ಲೋ ಕೂಲಿ ಮಾಡುತ್ತಿದ್ದಾರೆ. ಅವರನ್ನು ಹುಡುಕಿ, ಅವರ ಮನೆ ಬಾಗಿಲಲ್ಲಿ ನಿಂತು, ಏನು ನಡೆಯಿತೆಂದು ಹೇಳಿ, ಪಹಣಿಯಲ್ಲಿ ಅವರ ಹೆಸರು ಸೇರಿಸುವಷ್ಟು ದೂರ ಅವಳು ನಡೆಯಬೇಕು. ತಹಶೀಲ್ದಾರ್ ಕಚೇರಿಯ ಸರದಿಯಲ್ಲಿ ಅವಳು ನಿಂತಿರುವ ಅಧ್ಯಾಯವೇ ನಿನ್ನ ಕಾದಂಬರಿಯ ಅತಿ ದೊಡ್ಡ ಪ್ರೇಮದ ಅಧ್ಯಾಯವಾಗಬಹುದು.

ಈ ಕಥೆಯನ್ನು ನೀನೇ ಇಟ್ಟುಕೋ, ಬರೆ.

ಶಾಪ ಎಷ್ಟು ತಲೆಮಾರು ನಡೆಯಬೇಕು? ಉಶ್ಶಾಪವನ್ನು ಮೊದಲೇ ಹೇಳಬೇಕೋ ಕೊನೆಗೋ?
*ಶಹಾಪುರ, ಯಾದಗಿರಿ ಜಿಲ್ಲೆ*

ತಲೆಮಾರಿನ ಲೆಕ್ಕ ನಿಮಗೆ ಬಿಟ್ಟದ್ದು. ಉಶ್ಶಾಪದ ಸುಳಿವು ಆರಂಭದಲ್ಲಿಯೇ ಇರಲಿ, ಅದರ ಅರ್ಥ ಕೊನೆಗೆ ತಿಳಿಯಲಿ. ಇವೆರಡಕ್ಕಿಂತ ಮುಖ್ಯವಾದದ್ದು ಶಾಪ ಕೊಟ್ಟವರು ಯಾರೆಂಬುದು. ನಿಮ್ಮ ಕಥಾಸಾರದಲ್ಲಿ 'ಒಬ್ಬ ಮುದುಕಿ ಶಪಿಸಿದ್ದಳು' ಎಂದು ಒಂದೇ ಸಾಲು ಇದೆ. ಯಾವ ಮುದುಕಿ? ಅವಳಿಗೆ ಏನಾಗಿತ್ತು?

ಕನ್ನಡಿಗರೆಲ್ಲರಿಗೂ ಗೊತ್ತಿರುವ ಶಾಪ ಅಲಮೇಲಮ್ಮನದು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿತು. ಒಡವೆಗಾಗಿ ಆಳುಗಳು ಬೆನ್ನುಹತ್ತಿದಾಗ ಅವಳು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿ ಕಾವೇರಿಗೆ ಹಾರಿದಳೆಂದು ಪ್ರತೀತಿ. ನಾಲ್ಕು ಶತಮಾನ ಈ ಶಾಪ ಜನರ ಬಾಯಲ್ಲಿ ಉಳಿದದ್ದೇಕೆ? ಅವಳಿಗೆ ಹೆಸರಿತ್ತು, ಅವಳಿಗಾದ ಅನ್ಯಾಯ ಎಲ್ಲರಿಗೂ ಅರ್ಥವಾಗುವಂಥದ್ದಾಗಿತ್ತು. ಅರಮನೆಯವರು ಅವಳ ಮೂರ್ತಿಯನ್ನಿಟ್ಟು ಪೂಜಿಸುತ್ತಾ ಬಂದರು. ಸೈನ್ಯವಿಲ್ಲದವಳಿಗೆ, ಕಚೇರಿ ಕಟ್ಟೆ ಹತ್ತಲಾಗದವಳಿಗೆ ಉಳಿದಿದ್ದ ಕೊನೆಯ ಆಯುಧ ಶಾಪ. ಅವಳನ್ನು ಕೆದರಿದ ಕೂದಲಿನ ಮಾಟಗಾತಿಯಾಗಿ ಚಿತ್ರಿಸುವುದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ. ಮೊದಲ ಪುಟದಲ್ಲಿಯೇ ಅವಳ ಹೆಸರು ಬರೆಯಿರಿ. ಅವಳ ಮನೆ, ಅವಳು ಉಟ್ಟ ಸೀರೆ, ಕೊನೆಯ ಬಾರಿ ಅವಳು ಉಂಡ ರೊಟ್ಟಿ ಎಲ್ಲವನ್ನೂ ಬರೆಯಿರಿ. ಶಾಪಕ್ಕೆ ತೂಕ ಬರುವುದು ಆಗ.

ನಮ್ಮ ಸುರಪುರದ ಕಡೆ ಇಂಥ ನಿಜವಾದ ಪ್ರಸಂಗ ಏನಾದರೂ ನಡೆದಿದೆಯೇ?
*ನಿವೃತ್ತ ಶಿಕ್ಷಕರು, ಸುರಪುರ*

ಗುರುಗಳೇ, ನಿಮ್ಮ ಊರಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಟ್ಟಿಸಿದವನೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1876ರಲ್ಲಿ ತೀರಿಕೊಂಡ, ಮರುವರ್ಷ ಅವನ ಆತ್ಮಕಥೆ ಅಚ್ಚಾಯಿತು. ಸುರಪುರದ ರಾಜಾ ವೆಂಕಟಪ್ಪ ನಾಯಕ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕದಲ್ಲಿತ್ತು ಎಂಬುದನ್ನೂ, 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದದ್ದಕ್ಕೆ ವಿಧಿಸಿದ್ದ ಶಿಕ್ಷೆ ಕಡಿಮೆಯಾಗಿ ಜೀವ ಉಳಿಯಿತೆನ್ನುವಾಗಲೇ ದಾರಿಯ ಬಿಡಾರದಲ್ಲಿ ಗುಂಡಿಗೆ ಬಲಿಯಾದದ್ದನ್ನೂ ಅವನು ಅದರಲ್ಲಿ ಬರೆದಿದ್ದಾನೆ. ಅದು ನಿಮಗೆ ಗೊತ್ತಿರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಪುಸ್ತಕದ ಇನ್ನೊಂದು ಪುಟ.

ಹೈದರಾಬಾದಿನ ಕಡೆಗೆ ಹೊರಟ ಪ್ರಯಾಣದಲ್ಲಿ ಅವನು ಮಕ್ತಲ್‌ನಿಂದ ದೂರ ನಡೆದು ಒಂದು ಹಳ್ಳಿಯಲ್ಲಿ ಡೇರೆ ಹಾಕಿಸಿದ್ದ. ಸೆಕೆ, ದಣಿವು, ನಾಯಿಗಳ ಬೊಗಳು, ನರಿಗಳ ಕೂಗು. ನಿದ್ದೆ ಬರಲಿಲ್ಲ. ಡೇರೆಯ ಬಾಗಿಲು ತೆರೆದೇ ಇತ್ತು. ತರುಣನಾಗಿದ್ದಾಗ ಇಂಗ್ಲೆಂಡಿನಲ್ಲಿ ಪ್ರೀತಿಸಿದ್ದ, ರಜೆ ಸಿಗದೆ ಕೈಬಿಟ್ಟಿದ್ದ ಹೆಣ್ಣು ಬೆಳದಿಂಗಳಲ್ಲಿ ಎದುರಿಗೆ ನಿಂತಿದ್ದಳು. ಮುಖ ಮೊದಲಿಗಿಂತ ಪ್ರಾಯ ಕೂಡಿತ್ತು, ದುಗುಡ ತುಂಬಿತ್ತು, ಬಿಳಿಯ ಉಡುಪಿನ ತುಂಬ ಲೇಸು. ಕೈಚಾಚಿ, ನನ್ನನ್ನು ಹೋಗಗೊಡಬೇಡ ಎಂದು ಕ್ಷೀಣವಾಗಿ ಮೊರೆಯಿಟ್ಟಳು. ಅವನು ಬರಿಗಾಲಲ್ಲಿ ಓಡಿದ, ಅವಳು ಹಿಂದೆ ಸರಿಯುತ್ತಾ ಮಸುಕಾದಳು. ಕಾವಲಿನ ಸಿಪಾಯಿ ಬೆರಗಾಗಿ ನೋಡುತ್ತಿದ್ದ. ಅವನೊಡನೆ ಮಾತಾಡದೆ ಟೇಲರ್ ಡೇರೆಗೆ ಮರಳಿದ. ತನಗೆ ಇನ್ನೂ ಆಸೆಯುಂಟೇ ಎಂದು ತಂದೆಗೆ ಪತ್ರ ಬರೆದ. ತಡವಾಯಿತು ಮಗನೇ, ನೀನು ಅವಳನ್ನು ಕಂಡ ದಿನವೇ ಅವಳ ಮದುವೆಯಾಯಿತು ಎಂದು ಉತ್ತರ ಬಂತು.

ಅವಳು ಸತ್ತಿರಲಿಲ್ಲ, ಗಮನಿಸಿ. ಬದುಕಿದ್ದವಳ ನೆರಳು ಅದು. ಟೇಲರ್ ತಾರೀಖನ್ನೂ ವರ್ಷವನ್ನೂ ಬೇಕೆಂದೇ ಬರೆಯಲಿಲ್ಲ, ಅವಳ ಹೆಸರನ್ನೂ ಹೇಳಲಿಲ್ಲ. ಇನ್ನೊಬ್ಬರ ಹೆಂಡತಿಯಾದವಳ ಮಾನ ಕಾಯಬೇಕೆಂಬ ಕಾಳಜಿ ಅದು ಎಂದು ನನಗನಿಸುತ್ತದೆ. ಆ ಸಿಪಾಯಿಯ ಕಣ್ಣಿನಿಂದ ಈ ಪ್ರಸಂಗವನ್ನು ಯಾರಾದರೂ ಕನ್ನಡದಲ್ಲಿ ಬರೆದರೆ ನಾನು ಮೊದಲ ಓದುಗಳು.

ನನ್ನ ಮಗಳು ಪಿಯುಸಿ. ರಾತ್ರಿಯೆಲ್ಲ ಮೊಬೈಲಿನಲ್ಲಿ ಈ ದೆವ್ವದ ಪ್ರೇಮಕಥೆಗಳನ್ನು ಓದುತ್ತಾಳೆ. ನಿಮ್ಮಂಥವರು ಇದಕ್ಕೆ ಕುಮ್ಮಕ್ಕು ಕೊಡುತ್ತೀರಿ.
*ತಾಯಿ, ಆಳಂದ*

ನಿದ್ದೆಗೆಟ್ಟು ಓದುವುದನ್ನು ನಾನೂ ಒಪ್ಪುವುದಿಲ್ಲ, ಹತ್ತು ಗಂಟೆಗೆ ಮೊಬೈಲ್ ತೆಗೆದಿಡಿ. ಓದುವುದನ್ನು ಮಾತ್ರ ನಿಲ್ಲಿಸಬೇಡಿ. ಅವಳು ಓದುತ್ತಿರುವ ಒಂದು ಕಥೆಯನ್ನು ರೊಟ್ಟಿ ಬಡಿಯುವ ಹೊತ್ತಿನಲ್ಲಿ ನಿಮಗೆ ಹೇಳಲು ಕೇಳಿ. ನಾಯಕ ಮಾಡಿದ್ದು ಸರಿಯೇ ಎಂದು ನಡುವೆ ಕೇಳಿ. ಪ್ರೀತಿಯ ಬಗ್ಗೆ ಮಗಳೊಡನೆ ಮಾತಾಡಲು ನಮ್ಮ ಕಡೆಯ ತಾಯಂದಿರಿಗೆ ಇಷ್ಟು ಸುಲಭದ ದಾರಿ ಬೇರೆ ಸಿಗುವುದಿಲ್ಲ.

ದೇವಲ ಗಾಣಗಾಪುರಕ್ಕೆ ಗಾಳಿ ಬಿಡಿಸಿಕೊಳ್ಳಲು ಬರುವ ಒಬ್ಬ ಹೆಣ್ಣುಮಗಳನ್ನು ನನ್ನ ನಾಯಕಿಯಾಗಿ ಮಾಡಬಹುದೇ? ದೃಶ್ಯಗಳು ಬಹಳ ರೋಚಕವಾಗಿರುತ್ತವೆ.
*ಅಫಜಲಪುರ*

ನಾಯಕಿಯಾಗಿ ಮಾಡಿ. ರೋಚಕವಾಗಿ ಮಾತ್ರ ಬರೆಯಬೇಡಿ, ಕೈಮುಗಿದು ಕೇಳುತ್ತೇನೆ.

ಭೀಮಾ ಅಮರಜಾ ಸಂಗಮದ ಆ ಕ್ಷೇತ್ರದಲ್ಲಿ ದತ್ತನ ಪಾದುಕೆಯ ಆರತಿಯ ಹೊತ್ತಿಗೆ ಕಂಬ ಹಿಡಿದು ಚೀರುವವರನ್ನು ನಾನೂ ಕಂಡಿದ್ದೇನೆ. ಅವರ ಪಕ್ಕದಲ್ಲಿ ಕೂತಿರುವ ತಾಯಿಯನ್ನು ನೋಡಿ. ಮಗಳ ಬಿಚ್ಚಿದ ಕೂದಲನ್ನು ಗಂಟು ಹಾಕುತ್ತಾ, ಸೆರಗು ಸರಿಪಡಿಸುತ್ತಾ, ಬುತ್ತಿಯ ಗಂಟನ್ನು ಕಾಲಡಿ ಒತ್ತಿಕೊಂಡಿರುತ್ತಾಳೆ. ನಿಮ್ಮ ಕಾದಂಬರಿ ಇರುವುದು ಅಲ್ಲಿ. ಆ ಹೆಣ್ಣುಮಗಳಿಗೆ ಮೈಮೇಲೆ ಬಂದಾಗ ಮಾತ್ರ ಜೋರಾಗಿ ಮಾತಾಡುವ ಅವಕಾಶ ಸಿಕ್ಕಿದೆಯೇ? ಅತ್ತೆಮನೆಯಲ್ಲಿ ಏನು ನಡೆದಿತ್ತು? ಕ್ಷೇತ್ರದ ಮೇಲಿನ ಜನರ ಭಕ್ತಿಯನ್ನು ಹೀಗಳೆಯದೆಯೂ ಇದನ್ನೆಲ್ಲ ಕೇಳಬಹುದು.

ಕಥೆಯಲ್ಲಿ ದೆವ್ವ ಇರಲಿ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಬರೆ ಹಾಕುವುದು ಗುಣವಾಗುವ ದಾರಿಯೆಂದು ಮಾತ್ರ ತೋರಿಸಬೇಡಿ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ. ಭಾನಾಮತಿ ಎಂಬ ಮಾಟದ ಹೆಸರಿನಲ್ಲಿ ಯಾರದೋ ಮನೆಯ ವಿಧವೆಯನ್ನು ಖಳನಾಯಕಿಯಾಗಿ ಮಾಡುವುದೂ ಬೇಡ. ನಮ್ಮ ಭಾಗದ ಹಳ್ಳಿಗಳಲ್ಲಿ ಆ ಅನುಮಾನಕ್ಕೆ ಸಿಕ್ಕ ಹೆಂಗಸರ ಬಾಳು ನರಕವಾಗಿದೆ. ನೀವು ಮಾದರಿಯಾಗಿ ಇಟ್ಟುಕೊಂಡಿರುವ ಹೆಣ್ಣುಮಗಳು ನಿಮ್ಮ ಪರಿಚಯದವಳಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಅವಳ ಮನೆಯವರಿಗೆ ಕೊಡಿ. ಕರೆಗೆ ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಆರತಿಗೂ ಹೋಗಲಿ, ವೈದ್ಯರಲ್ಲಿಗೂ ಹೋಗಲಿ.

ನೀವು ದೆವ್ವವನ್ನು ನಂಬುತ್ತೀರಾ?
*ಹುಮನಾಬಾದ್*

ಇಲ್ಲ. ತೀರದೆ ಉಳಿದ ಅನ್ಯಾಯವನ್ನು ನಂಬುತ್ತೇನೆ, ಅದರ ಕಥೆ ಹೇಳಲು ದೆವ್ವ ಬೇಕಾಗುತ್ತದೆ.

ನನ್ನ ನಾಯಕ ಸತ್ತು ಎಂಬತ್ತು ವರ್ಷವಾದ ಪ್ರೇತ. ಕೊನೆಗೆ ಅವನು ಜೀವಂತನಾಗಿ ನಾಯಕಿಯನ್ನು ಮದುವೆಯಾಗಬೇಕು ಎಂದು ಗೆಳತಿಯರು ಹಟ ಹಿಡಿದಿದ್ದಾರೆ. ನನಗೆ ಅವನನ್ನು ಕಳುಹಿಸಿಬಿಡಬೇಕು ಎನಿಸುತ್ತದೆ. ಏನು ಮಾಡಲಿ?
*ಕಾಲೇಜು ಉಪನ್ಯಾಸಕಿ, ಜೇವರ್ಗಿ*

ಗೆಳತಿಯರ ಹಟಕ್ಕೆ ಆಧಾರವಿದೆ. ರೊಮ್ಯಾನ್ಸ್ ಎಂದು ಮುಖಪುಟದಲ್ಲಿ ಅಚ್ಚಾದ ಮೇಲೆ ಕೊನೆಗೆ ಸುಖವಿರಬೇಕು ಎಂಬುದು ಆ ಪ್ರಕಾರದ ಒಪ್ಪಂದ. ಅದನ್ನು ಮುರಿದರೆ ಓದುಗರು ಮೋಸಹೋದೆವೆಂದುಕೊಳ್ಳುತ್ತಾರೆ. ಆದರೆ ಸುಖವೆಂದರೆ ಮದುವೆಯ ಮಂಟಪವೇ ಆಗಬೇಕೆಂದು ಯಾರೂ ಬರೆದುಕೊಟ್ಟಿಲ್ಲ.

ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಅವನು ಬದುಕಿದ್ದಾಗ ಒಬ್ಬ ಹುಡುಗಿಗೆ ಮಾತುಕೊಟ್ಟು, ನಿಜಾಮನ ಕಾಲದ ಗಲಭೆಯ ರಾತ್ರಿ ಅವಳನ್ನು ಬಾವಿಕಟ್ಟೆಯ ಬಳಿ ಕಾಯಲು ಹೇಳಿ, ತಾನು ಮಾತ್ರ ರೈಲು ಹತ್ತಿ ಸೊಲ್ಲಾಪುರಕ್ಕೆ ಓಡಿಹೋದವನು. ಆ ರಾತ್ರಿಯನ್ನು ನೀವು ಬಹಳ ಚೆನ್ನಾಗಿ ಬರೆದಿದ್ದೀರಿ. ಪ್ಲಾಟ್‌ಫಾರ್ಮಿನಲ್ಲಿ ಅವನು ಚಪ್ಪಲಿಗೆ ಅಂಟಿದ ಕರಿಮಣ್ಣನ್ನು ಕಲ್ಲಿಗೆ ತಿಕ್ಕಿ ತೆಗೆಯುವ ಸಾಲನ್ನು ನಾನು ಎರಡು ಸಲ ಓದಿದೆ. ಹೀಗಿರುವಾಗ ಈ ಜನ್ಮದ ನಾಯಕಿಯನ್ನು ಮದುವೆಯಾದರೆ ಬಾವಿಕಟ್ಟೆಯ ಹುಡುಗಿಗೆ ಏನು ಸಿಕ್ಕಿತು? ಅವಳು ಕಾಯುತ್ತಲೇ ಇದ್ದಾಳೆ. ಅವನು ಹೋಗಬೇಕಾದದ್ದು ಅವಳಲ್ಲಿಗೆ. ನಾಯಕಿ ಅವನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಲಿ, ಇದು ತನ್ನ ಪ್ರೀತಿಯನ್ನು ಕಳೆದುಕೊಳ್ಳುವ ದಾರಿಯೆಂದು ಗೊತ್ತಿದ್ದೂ ಕರೆದುಕೊಂಡು ಹೋಗಲಿ. ಅವನು ಬಾಯಿಬಿಟ್ಟು ಕ್ಷಮೆ ಕೇಳಲಿ. ಕ್ಷಮಿಸುವುದು ಬಿಡುವುದು ಆ ಹುಡುಗಿಯ ಹಕ್ಕು, ಅವಳು ಒಂದು ಮಾತನ್ನೂ ಆಡದೆ ಇರಬಹುದು. ನಾಯಕಿಯ ಸುಖಕ್ಕೆ ನೀವೇ ದಾರಿ ಇಟ್ಟಿದ್ದೀರಿ: ಏಳನೆಯ ಅಧ್ಯಾಯದಲ್ಲಿ ಬರುವ ಭೂಮಾಪಕ ಒಳ್ಳೆಯ ಹುಡುಗ, ಬದುಕಿದ್ದಾನೆ, ಅವಳು ಹೇಳುವುದನ್ನು ಪೂರ್ತಿ ಕೇಳುತ್ತಾನೆ. ಅವನಿಗೆ ಇನ್ನೆರಡು ದೃಶ್ಯ ಕೊಡಿ.

ಒಂದು ಕೊರತೆ ಮಾತ್ರ ಉಳಿದಿದೆ. ಇಡೀ ಹಸ್ತಪ್ರತಿಯಲ್ಲಿ ಬಾವಿಕಟ್ಟೆಯ ಹುಡುಗಿಯನ್ನು 'ಅವಳು' ಎಂದೇ ಕರೆದಿದ್ದೀರಿ. ಹೆಸರಿಟ್ಟು, ಆ ಅಧ್ಯಾಯವನ್ನು ಅವಳ ಕಡೆಯಿಂದ ತಿದ್ದಿ ಬರೆದು ದಸರಾ ರಜೆಯೊಳಗೆ ಕಳುಹಿಸಿ. ವಿಶೇಷಾಂಕದಲ್ಲಿ ಧಾರಾವಾಹಿಯಾಗಿ ಆರಂಭಿಸುವ ಬಗ್ಗೆ ಸಂಪಾದಕರೊಡನೆ ನಾನು ಮಾತಾಡುತ್ತೇನೆ.